ಲಾರಿಯ ದನಿ

ಬೇಕರಿಯಲ್ಲಿ ಹಡಗಪ್ಪ "ಒಂದು ಬ್ರೆಡ್ ಕೊಡಪ್ಪ" ಎಂದರೆ ಸಾಕು, ಅಕ್ಕಪಕ್ಕ ನಿಂತ ನಡುವಯಸ್ಸಿನವರು ಗಕ್ಕನೆ ತಿರುಗಿ ನೋಡುತ್ತಾರೆ. ನೋಡಿದ ಮೇಲೆ ಅವರ ಮುಖ ಸಪ್ಪಗಾಗುತ್ತದೆ. ಕಿವಿಗೆ ಬಿದ್ದದ್ದು ನಾನೂರು ಜನರನ್ನು ಹೊತ್ತು ನಕ್ಷತ್ರಗಳ ನಡುವೆ ಸಾಗುವ ಹಡಗಿನ ಕಮಾಂಡರನ ದನಿ. ಕಣ್ಣಿಗೆ ಕಾಣುವುದು ಕೈಚೀಲ ಹಿಡಿದ, ಇಸ್ತ್ರಿ ಅಂಗಿಯ, ಕುಳ್ಳಗಿನ ಮುದುಕ. ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಅವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಹಡಗಪ್ಪ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಲು ನಿಂತಿರುತ್ತಾನೆ. ದಾಟುವುದು ಬಿಳಿ ಪಟ್ಟೆಯ ಮೇಲೇ. ಒಂದು ಸೈಕಲ್ಲೂ ಓಡಾಡದ ಮಟಮಟ ಮಧ್ಯಾಹ್ನದಲ್ಲೂ ದೀಪ ಹಸಿರಾಗುವ ತನಕ ಕಾಯುವ ಆಸಾಮಿ. ಇದನ್ನು ನೋಡಿ ನೋಡಿ ಹೆಂಡತಿಗೆ ಸಾಕುಸಾಕಾಗಿದೆ.

ಹಡಗಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಡಬ್ಬಿಂಗ್ ಸ್ಟುಡಿಯೋದವರು ಇಟ್ಟದ್ದು. ಟಿವಿ ಎನ್ನುವುದು ಬೀದಿಗೆ ಒಂದೋ ಎರಡೋ ಮನೆಯಲ್ಲಿದ್ದ ಕಾಲ. ಹೊರದೇಶದ ಧಾರಾವಾಹಿಗಳು ತಗಡಿನ ಡಬ್ಬಗಳಲ್ಲಿ ಸ್ಟುಡಿಯೋಗೆ ಬಂದಿಳಿಯುತ್ತಿದ್ದವು. ಅಲ್ಲಿ ಅವುಗಳ ನಾಲಿಗೆ ಕಿತ್ತು ನಮ್ಮ ಭಾಷೆಯ ನಾಲಿಗೆ ಹಾಕಿ ಟಿವಿಗೆ ಕಳಿಸುತ್ತಿದ್ದರು. ಅಂಥವುಗಳಲ್ಲಿ ಎರಡು ಅಂತರಿಕ್ಷದ ಕಥೆಗಳು ಜನರ ತಲೆ ಕೆಡಿಸಿದ್ದವು. ಒಂದು ವಾರದ ಮೊದಲಿಗೆ ಬರುತ್ತಿತ್ತು, ಇನ್ನೊಂದು ವಾರದ ಕೊನೆಗೆ. ಮೊದಲನೆಯದರಲ್ಲಿ ಒಂದು ಭಾರಿ ಹಡಗು, ಅದಕ್ಕೊಬ್ಬ ಕಮಾಂಡರ್. ಸುಳ್ಳು ಹೇಳದವನು, ಮೊದಲು ಆಯುಧ ಎತ್ತದವನು, ಯಾವ ಗ್ರಹಕ್ಕೆ ಹೋದರೂ ಇಳಿಯುವ ಮುಂಚೆ ಅಲ್ಲಿಯವರ ಒಪ್ಪಿಗೆ ಕೇಳುವವನು. ಇನ್ನೊಂದರಲ್ಲಿ ತುಕ್ಕು ಹಿಡಿದ ಸಾಮಾನಿನ ಹಡಗು. ಅದರಲ್ಲಿ ಕೆಲಸಕ್ಕೆ ಐದೇ ಜನ. ಅದನ್ನು ನಡೆಸುವ ಸರಕಿನವನು ಸುಂಕ ತಪ್ಪಿಸುತ್ತಿದ್ದ, ಜಗಳ ಬಂದರೆ ಓಡಿಹೋಗುತ್ತಿದ್ದ, ಬಾಯಿ ತೆರೆದರೆ ಅರ್ಧ ಸುಳ್ಳು. ಆದರೆ ಆ ಐವರಲ್ಲಿ ಒಬ್ಬರಿಗೆ ಏನಾದರೂ ಆಗುತ್ತದೆಂದರೆ ಆಕಾಶವನ್ನೇ ತಲೆಕೆಳಗು ಮಾಡುತ್ತಿದ್ದ. ಸ್ಟುಡಿಯೋದವರ ಬಾಯಲ್ಲಿ ಮೊದಲನೆಯದು 'ಹಡಗು', ಎರಡನೆಯದು 'ಲಾರಿ'. ಕಮಾಂಡರನಿಗೆ ದನಿ ಕೊಟ್ಟವನು ಹಡಗಪ್ಪ ಆದ. ಸರಕಿನವನಿಗೆ ದನಿ ಕೊಟ್ಟ ಅವನ ಗೆಳೆಯ ಬರೀ 'ಲಾರಿ' ಆದ.

ದನಿ ಕೊಡುವುದೆಂದರೆ ಮೈಕಿನ ಮುಂದೆ ನಿಂತು ಗಂಟಲು ಹರಿದುಕೊಳ್ಳುವುದು ಎಂದುಕೊಂಡವರೇ ಹೆಚ್ಚು. ಅದು ತುಟಿಗೆ ಮಾತು ಕೂರಿಸುವ ಕೆಲಸ. ಕಂಬಳಿ ಹೊದಿಸಿದ ಗೋಡೆಗಳ ಸಣ್ಣ ಕೋಣೆ. ಫ್ಯಾನ್ ಹಾಕುವ ಹಾಗಿಲ್ಲ, ಕುರ್ಚಿ ಕಿರುಗುಟ್ಟುತ್ತದೆಂದು ಕೂರುವ ಹಾಗಿಲ್ಲ, ಗಂಜಿ ಹಾಕಿದ ಅಂಗಿ ಸರಬರ ಎನ್ನುತ್ತದೆಂದು ತೊಡುವ ಹಾಗಿಲ್ಲ. ಹೊಟ್ಟೆ ಗುರ್ ಎಂದರೂ ಟೇಪಿಗೆ ಬಂದುಬಿಡುತ್ತಿತ್ತು. ಅದಕ್ಕೇ ಬಾಗಿಲ ಹತ್ತಿರ ಸದಾ ಒಂದು ಬಿಸ್ಕತ್ತಿನ ಡಬ್ಬ. ಪರದೆಯ ಮೇಲೆ ಒಂದೇ ತುಣುಕು ಮತ್ತೆ ಮತ್ತೆ ಓಡುತ್ತದೆ, ಪರದೇಶದವನ ತುಟಿ ತೆರೆದಾಗ ನಿನ್ನ ಮಾತು ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ಹಡಗಪ್ಪ ಒಂದೇ ಸಲಕ್ಕೆ ಕೂರಿಸುತ್ತಿದ್ದ. ಲಾರಿಗೆ ಏಳೆಂಟು ಸಲ ಬೇಕಿತ್ತು, ನಡುವೆ ಒಂದು ಜೋಕು ಬೇರೆ.

ಕೆಲಸದ ನಡುವೆ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತರೆ ಇಬ್ಬರ ವಾದ ಶುರು. ಯಾರ ನಾಯಕ ದೊಡ್ಡವನು? ಹಡಗಪ್ಪನಿಗೆ ಇದು ತಮಾಷೆಯ ವಿಷಯವೇ ಅಲ್ಲ. ತನ್ನ ಕಮಾಂಡರ್ ಎಲ್ಲರಿಗೂ ಒಂದೇ ನಿಯಮ ಇಡುತ್ತಾನೆ, ತನ್ನವರು ಬೇರೆಯವರು ಎನ್ನುವುದಿಲ್ಲ, ಹಿಡಿದ ಕೆಲಸವನ್ನು ಕೂದಲೆಳೆಯಷ್ಟೂ ತಪ್ಪದೆ ಮುಗಿಸುತ್ತಾನೆ ಎಂದು ಎದೆಯುಬ್ಬಿಸುತ್ತಿದ್ದ. ಲಾರಿ ಮೂಗು ಮುರಿಯುತ್ತಿದ್ದ. ಇಷ್ಟು ವಾರ ಆಯಿತಲ್ಲ, ನಿನ್ನ ಕಮಾಂಡರ್ ಒಂದು ಸಲವಾದರೂ ಅಡುಗೆಮನೆಗೆ ಹೋಗಿದ್ದಾನಾ, ನಾನೂರು ಜನಕ್ಕೆ ಬೇಯಿಸಿ ಹಾಕುವವರು ಯಾರು ಎಂದಾದರೂ ಕೇಳಿದ್ದಾನಾ ಎಂದು ಕೆಣಕುತ್ತಿದ್ದ. ತನ್ನವನಿಗೆ ಯಾರಿಗೆ ಉಪ್ಪು ಕಮ್ಮಿ ಬೇಕು, ಯಾರಿಗೆ ಕತ್ತಲೆ ಎಂದರೆ ಭಯ, ಎಲ್ಲ ಗೊತ್ತು ಎನ್ನುತ್ತಿದ್ದ. ಹೌದಪ್ಪ, ಗೊತ್ತು, ಆದರೆ ಆ ಐವರಿಗೋಸ್ಕರ ಒಂದು ಊರಿಗೆ ಊರನ್ನೇ ಔಷಧಿ ಇಲ್ಲದೆ ಬಿಟ್ಟು ಬಂದನಲ್ಲ ಎಂದು ಹಡಗಪ್ಪ ತಿರುಗಿಬೀಳುತ್ತಿದ್ದ. ಟೀ ಮುಗಿಯುತ್ತಿತ್ತು, ವಾದ ನಾಳೆಗೆ ಉಳಿಯುತ್ತಿತ್ತು.

ವರ್ಷಗಟ್ಟಲೆ ಒಬ್ಬನ ಬಾಯಾಗಿ ಬದುಕಿದರೆ ಅವನ ಗುಣ ಅಂಟದೆ ಇರುತ್ತದಾ? ಹಡಗಪ್ಪನಿಗೆ ಅಂಟಿತು. ಹೇಳಿದ ಹೊತ್ತಿಗೆ ಬರುವುದು, ಕಂಡದ್ದನ್ನು ಕಂಡ ಹಾಗೆ ಹೇಳುವುದು, ನೆಂಟನಿರಲಿ ಗೆಳೆಯನಿರಲಿ ಒಂದೇ ತಕ್ಕಡಿ. ಲಾರಿಗೂ ಅಂಟಿತ್ತು, ಅವನ ರೀತಿಯಲ್ಲಿ. ಹಡಗಪ್ಪನ ಹೆಂಡತಿಗೆ ಹೆರಿಗೆ ನೋವು ಬಂದ ದಿನ ಹಡಗಪ್ಪ ಆಸ್ಪತ್ರೆಯಲ್ಲೇ ಉಳಿದುಬಿಟ್ಟ, ಸ್ಟುಡಿಯೋಗೆ ಸುದ್ದಿ ಮುಟ್ಟಿಸಲು ಆಗಲಿಲ್ಲ. ಆಗಿನ ಮ್ಯಾನೇಜರ್ ಒಂದು ದಿನ ತಪ್ಪಿಸಿದವನ ಜಾಗಕ್ಕೆ ಮಾರನೆಯ ದಿನವೇ ಬೇರೆಯವನನ್ನು ತಂದು ನಿಲ್ಲಿಸುವ ಮನುಷ್ಯ. ಮೊದಲ ಸರದಿ ಲಾರಿಯದು, ಆಮೇಲೆ ಹಡಗಪ್ಪನದು. ಗೆಳೆಯ ಕಾಣದಿದ್ದಾಗಲೇ ಲಾರಿಗೆ ಹೆರಿಗೆಯ ವಿಷಯ ಹೊಳೆಯಿತು. ಲಾರಿ ಅವತ್ತು ಮೈಕಿನ ಮುಂದೆ ನಿಂತವನು ಒಂದೇ ಒಂದು ಮಾತನ್ನು ಸರಿಯಾಗಿ ಆಡಲಿಲ್ಲ. ಒಮ್ಮೆ ಬೇಗ ಆಯಿತು, ಒಮ್ಮೆ ತಡವಾಯಿತು, ಒಮ್ಮೆ ಕೆಮ್ಮು, ಒಮ್ಮೆ ಸೀನು, ಒಮ್ಮೆ ಹೆಸರೇ ತಪ್ಪು. ಮ್ಯಾನೇಜರ್ ಅವನ ವಂಶವನ್ನೆಲ್ಲ ಜಾಲಾಡಿಸಿದ. ಲಾರಿ ತಲೆ ತಗ್ಗಿಸಿ ಬೈಸಿಕೊಂಡು ಮತ್ತೆ ತಪ್ಪು ಮಾಡಿದ. ಹೀಗೆ ಮಧ್ಯಾಹ್ನವೆಲ್ಲ ಹಾಳಾಗಿ, ಹಡಗಪ್ಪನ ಸರದಿ ಮಾರನೆಯ ದಿನಕ್ಕೆ ಹೋಯಿತು, ಅವನು ಬಂದಿರಲಿಲ್ಲ ಎನ್ನುವುದೇ ಯಾರ ಗಮನಕ್ಕೂ ಬರಲಿಲ್ಲ.

ವಿಷಯ ತಿಳಿದ ಹಡಗಪ್ಪ ಏನು ಮಾಡಿದ ಗೊತ್ತಾ? ಗೆಳೆಯನಿಗೆ ಬುದ್ಧಿ ಹೇಳಿದ. ಹಾಗೆಲ್ಲ ಮಾಡಬಾರದಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಬಂದದ್ದನ್ನು ನಾನು ಅನುಭವಿಸುತ್ತಿದ್ದೆ ಎಂದ. ಲಾರಿ ಹೊಟ್ಟೆ ಹಿಡಿದುಕೊಂಡು ನಕ್ಕು, ಮಗು ಯಾರ ಹಾಗಿದೆ ಎಂದು ಕೇಳಿದ.

ಹಡಗಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಕಥೆ ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು.

ಲಾರಿಯ ಗಂಟಲು ಕೆಟ್ಟದ್ದು ಧಾರಾವಾಹಿ ಏರುಗಾಲದಲ್ಲಿದ್ದಾಗ. ಮೊದಮೊದಲು ನೆಗಡಿ ಎಂದುಕೊಂಡರು. ಡಾಕ್ಟರು ಕನ್ನಡಿ ಇಳಿಸಿ ನೋಡಿ ಒಳಗೆ ಗಂಟಿದೆ, ಕೊಯ್ಯಬೇಕು, ಆಮೇಲೆ ಕೆಲವು ತಿಂಗಳು ಪಿಸುಮಾತೂ ಆಡಬಾರದು ಎಂದರು. ದನಿಯೇ ಅನ್ನವಾದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ? ಕೊಯ್ಯಿಸಿಕೊಳ್ಳುವ ಮುನ್ನ ಲಾರಿ ಗೆಳೆಯನನ್ನು ಮನೆಗೆ ಕರೆಸಿಕೊಂಡ.

"ನಾನು ಬರೋ ತನಕ ನೀನೇ ಮಾಡೋ," ಎಂದ. "ಬೇರೆ ಯಾರಾದ್ರೂ ಬಂದು ನಿಂತ್ರೆ ಅಲ್ಲೇ ಬೇರು ಬಿಡ್ತಾರೆ. ನೀನಾದ್ರೆ ಎದ್ದು ಜಾಗ ಬಿಡ್ತೀಯ."

ಹಡಗಪ್ಪ ಮಾತು ಕೊಟ್ಟ. ಕೊಟ್ಟ ಮೇಲೆ ಅವನು ಅದನ್ನು ಹಗುರವಾಗಿ ತೆಗೆದುಕೊಳ್ಳುವ ಪೈಕಿಯವನೇ ಅಲ್ಲ. ದನಿ ಬದಲಾಯಿತು ಎಂದು ನೋಡುವವರಿಗೆ ಗೊತ್ತಾಗಿಬಿಟ್ಟರೆ ಲಾರಿ ವಾಪಸು ಬಂದಾಗ ಮತ್ತೊಮ್ಮೆ ಬದಲಾಗಬೇಕಾಗುತ್ತದೆ, ಜನ ಗಲಾಟೆ ಮಾಡುತ್ತಾರೆ. ಹಾಗಾಗದಿರಲು ಲಾರಿಯ ಹಾಗೆಯೇ ಮಾತಾಡಬೇಕು ಎಂದು ಲೆಕ್ಕ ಹಾಕಿದ. ಹಳೆಯ ಟೇಪುಗಳನ್ನು ಹಾಕಿಕೊಂಡು ಕೂತ. ಲಾರಿ ಮಾತಿಗೆ ಮುಂಚೆ ಚೂರು ಉಸಿರೆಳೆದುಕೊಳ್ಳುತ್ತಾನೆ. ಮಾತಿನ ಕೊನೆಯನ್ನು ಅರ್ಧ ನುಂಗುತ್ತಾನೆ. ನಗು ಬಾಯಿಂದಲ್ಲ, ಮೂಗಿನಿಂದ. ಸುಳ್ಳು ಹೇಳುವಾಗ ದನಿ ಒಂಚೂರು ಮೆತ್ತಗಾಗುತ್ತದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಟೀ ಕುಡಿದವನಿಗೆ ಗೆಳೆಯನ ಗಂಟಲು ಇಷ್ಟು ಚೆನ್ನಾಗಿ ತಿಳಿದದ್ದು ಆಗಲೇ. ಸ್ನಾನದ ಮನೆಯಲ್ಲಿ, ನಡೆಯುವಾಗ, ಊಟದ ಮುಂದೆ ಎಲ್ಲೆಂದರಲ್ಲಿ ಲಾರಿಯಾಗಿ ಮಾತಾಡಿದ. ಮೊದಲ ಕಂತು ಹೋದ ಮೇಲೆ ಮ್ಯಾನೇಜರ್ ಕಿವಿ ನಿಮಿರಿಸಿ ಕಾದ. ಒಂದು ದೂರೂ ಬರಲಿಲ್ಲ. ಕೊನೆಯಲ್ಲಿ ತೆರೆಯ ಮೇಲೆ ಬರುವ ಹೆಸರುಗಳಲ್ಲೂ ಲಾರಿಯ ಹೆಸರೇ ಉಳಿಯಿತು. ಜಾಗ ಅವನದೇ ಅಲ್ಲವಾ, ಹೆಸರೂ ಅವನದೇ ಇರಲಿ ಎಂದು ಹೇಳಿಸಿದವನು ಹಡಗಪ್ಪನೇ.

ವಾರದ ಕೊನೆಗೆ ಹಡಗಪ್ಪ ಲಾರಿಯ ಮನೆಗೆ ಹೋಗಿ ಅವನ ಜೊತೆಯೇ ಕೂತು ಆ ಕಂತು ನೋಡುತ್ತಿದ್ದ. ಲಾರಿಯ ಕೊರಳಿಗೆ ಪಟ್ಟಿ, ಬಾಯಿಗೆ ಬೀಗ. ಒಂದು ದಿನ ಹಡಗಪ್ಪ ಪರದೆ ಬಿಟ್ಟು ಗೆಳೆಯನ ಕಡೆ ನೋಡಿದ. ಲಾರಿಯ ತುಟಿ ಆಡುತ್ತಿತ್ತು. ದನಿಯಿಲ್ಲದೆ, ಕಸುಬಿನ ಅಭ್ಯಾಸಬಲದಿಂದ, ಟಿವಿಯಿಂದ ಬರುವ ಮಾತಿಗೆ ಸರಿಯಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹಡಗಪ್ಪನ ಮಾತು ಲಾರಿಯ ತುಟಿಗೆ ಒಂದಿಷ್ಟೂ ಹಿಂದೆ ಮುಂದೆ ಆಗದೆ ಕೂತಿತ್ತು. ಹಡಗಪ್ಪನಿಗೆ ಆ ಗಳಿಗೆಯಲ್ಲಿ ಆದದ್ದು ಹೆಮ್ಮೆ. ಅದನ್ನು ಈಗ ನೆನೆಸಿಕೊಂಡರೆ ಅವನಿಗೆ ನಾಚಿಕೆಯಾಗುತ್ತದೆ.

ಲಾರಿ ವಾಪಸು ಬಂದ. ಗಂಟು ಹೋಗಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಆದರೆ ದನಿಯ ಕೆಳಗೆ ಒಂದು ಗೊರಗೊರ ಸೇರಿಕೊಂಡಿತ್ತು, ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗೆ. ಮ್ಯಾನೇಜರ್ ಒಂದು ತುಣುಕು ಹಾಕಿಸಿ ಮಾತಾಡಿಸಿದ. ಲಾರಿ ಕೋಣೆಯ ಒಳಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ, ಗಾಜಿನ ಈಚೆ ಮ್ಯಾನೇಜರ್ ಮತ್ತು ಹಡಗಪ್ಪ. ಲಾರಿ ಆಡಿದ್ದನ್ನು ಒಮ್ಮೆ ಕೇಳಿದರು. ಅದೇ ತುಣುಕಿಗೆ ಹಡಗಪ್ಪ ಆಡಿದ್ದನ್ನು ಒಮ್ಮೆ ಕೇಳಿದರು. ಮ್ಯಾನೇಜರ್ ಪೆಚ್ಚಾಗಿ ನಕ್ಕ. ಲಾರಿಗಿಂತ ನೀನೇ ಹೆಚ್ಚು ಲಾರಿ ಆಗಿದ್ದೀಯಲ್ಲಯ್ಯ ಎಂದ. ಆ ಮ್ಯಾನೇಜರ್ ಹರಕುಬಾಯಿಯವನೇ ಹೊರತು ಅವತ್ತು ಅನ್ಯಾಯ ಮಾಡಲು ಕೂತಿರಲಿಲ್ಲ. ತೀರ್ಮಾನವನ್ನು ಹಡಗಪ್ಪನ ಕೈಗೇ ಇಟ್ಟ. ಎರಡೂ ಪಾತ್ರ ನನ್ನ ಕೈಲಾಗುವುದಿಲ್ಲ ಎಂದು ನೀನು ಹೇಳಿದರೆ ಇವನನ್ನೇ ಹಾಕಿಕೊಳ್ಳುತ್ತೇನೆ, ನಾಲ್ಕು ವಾರ ಜನ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ, ಏನಂತೀಯ ಎಂದು ಕೇಳಿದ.

ಇಷ್ಟೇ ಇದ್ದದ್ದು. 'ಆಗುವುದಿಲ್ಲ ಸರ್' ಎಂದು ಒಂದು ಮಾತು. ಅದು ಸುಳ್ಳಾಗುತ್ತಿತ್ತು, ಏಕೆಂದರೆ ಅವನ ಕೈಲಿ ಚೆನ್ನಾಗಿಯೇ ಆಗುತ್ತಿತ್ತು. ಹಡಗಪ್ಪ ಗಾಜಿನ ಆಚೆ ನೋಡಿದ. ಲಾರಿ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದ. ಕಮಾಂಡರನ ಎಷ್ಟು ಕಂತುಗಳು ಹಡಗಪ್ಪನ ಬಾಯಿಂದ ಹೊರಟಿದ್ದವು. ಗೆಳೆತನ ಬೇರೆ, ಕೆಲಸ ಬೇರೆ ಎಂದು ಎಷ್ಟು ಸಲ ಆ ಬಾಯಿ ಹೇಳಿತ್ತು. ಸಂಬಳದ ಆಸೆ ಇರಲಿಲ್ಲ, ಅದನ್ನು ಅವನ ಶತ್ರುವೂ ಹೇಳಲಾರ. ಆದರೆ ಅಷ್ಟು ಕಷ್ಟಪಟ್ಟು ಕಲಿತದ್ದು ಅಷ್ಟು ಚೆನ್ನಾಗಿ ಬಂದಿದೆಯಲ್ಲ ಎನ್ನುವ ಒಂದು ತುರಿಕೆ ಒಳಗೆ ಇತ್ತು. ಅದಕ್ಕೆ ಪ್ರಾಮಾಣಿಕತೆಯ ಅಂಗಿ ತೊಡಿಸಿ ಹೊರಗೆ ಬಿಟ್ಟ.

"ಇವನ ದನಿ ಮೊದಲಿನ ಹಾಗಿಲ್ಲ ಸರ್," ಎಂದ. "ಕೇಳೋರಿಗೆ ಮೋಸ ಆಗುತ್ತೆ. ಕೆಲಸ ಸರಿಯಾಗಿ ಆಗಬೇಕು."

ಗಾಜಿನ ಈಚೆಯಿಂದ ಒಳಗಿನವನ ಜೊತೆ ಮಾತಾಡಲು ಮೇಜಿನ ಮೇಲೆ ಒಂದು ಗುಂಡಿಯಿತ್ತು. ಒತ್ತಿದರೆ ಈಚೆಯ ಮಾತು ಆಚೆಯವನ ಹೆಡ್‌ಫೋನಿಗೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಳೆಯ ಗುಂಡಿ, ಒಮ್ಮೊಮ್ಮೆ ಒತ್ತಿದ್ದು ಮೇಲೇಳದೆ ಕಚ್ಚಿಕೊಂಡುಬಿಡುತ್ತಿತ್ತು. ಮಾತು ಮುಗಿದ ಮೇಲೆ ಹಡಗಪ್ಪನಿಗೆ ಅದರ ನೆನಪಾಯಿತು. ಮೇಲಿದೆಯೋ ಕೆಳಗಿದೆಯೋ ಎಂದು ತಿರುಗಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೋಡುವ ಧೈರ್ಯ ಬರಲಿಲ್ಲ. ಒಳಗೆ ಲಾರಿ ಲೋಟ ಕೆಳಗಿಟ್ಟು, ಹೆಡ್‌ಫೋನ್ ತೆಗೆದು ಅದರ ಕೊಕ್ಕೆಗೆ ನೇತುಹಾಕಿ ಹೊರಗೆ ಬಂದ. ಮ್ಯಾನೇಜರ್ ನೆಲ ನೋಡಿಕೊಂಡು ಏನೋ ಸಮಾಧಾನ ಹೇಳಿದ. ಲಾರಿ ಸರಿ ಸರ್ ಎಂದ. ಬಿಸ್ಕತ್ತಿನ ಡಬ್ಬದಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡು, ಬರ್ತೀನಿ ಹಡಗಪ್ಪ ಎಂದು ಮೆಟ್ಟಿಲಿಳಿದು ಹೋದ. ಆಮೇಲೆ ಅವನು ಆ ಮೆಟ್ಟಿಲು ಹತ್ತಲಿಲ್ಲ.

ಹೆಂಡತಿ ಮಾತ್ರ ಅವತ್ತೇ ಹಡಗಪ್ಪನ ಮುಖಕ್ಕೆ ಹೇಳಿದಳು. "ನೀವು ಹೇಳಿದ್ದು ಸರಿ ಇರಬಹುದು. ಆದ್ರೆ ಅದನ್ನ ನೀವೇ ಹೇಳಬೇಕಿತ್ತಾ?" ಹಡಗಪ್ಪ ಉದ್ದದ ಭಾಷಣ ಬಿಗಿದ. ಅವಳು ಸೊಪ್ಪು ಹಾಕದೆ ಬಟ್ಟೆ ಮಡಿಸುತ್ತಾ ಕೂತಳು.

ಲಾರಿಗೆ ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಚೀಲ ಸಿಕ್ಕಿದೆ ಎಂದು ಮೈಕಿನಲ್ಲಿ ಕೂಗುವುದು. ಅಲ್ಲಿ ಗೊರಗೊರ ಯಾರಿಗೂ ಅಡ್ಡಿಯಿಲ್ಲ, ಮೈಕೇ ಗೊರಗೊರ ಎನ್ನುತ್ತಿತ್ತಲ್ಲ. ಹಡಗಪ್ಪ ಇನ್ನೂ ಎರಡು ವರ್ಷ, ಆ ಧಾರಾವಾಹಿ ಮುಗಿಯುವ ತನಕ ಸರಕಿನವನಿಗೆ ಲಾರಿಯ ದನಿ ಕೊಟ್ಟ. ಒಂದೇ ಒಂದು ಕಂತೂ ಕೆಡಲಿಲ್ಲ. ಮತ್ತೆ ಲಾರಿಯ ಮನೆಗೆ ಹೋಗಲಿಲ್ಲ. ನಾಳೆ ಹೋಗೋಣ ಎಂದು ಮುಂದೂಡಿದ, ಹಬ್ಬಿಕೊಂಡ ನಾಚಿಕೆಗೆ ವಯಸ್ಸಾಗುತ್ತಾ ಹೋಯಿತು. ಊರಿಗೆ ಹೋಗಬೇಕಾದಾಗ ಬಸ್ ನಿಲ್ದಾಣಕ್ಕೆ ಹೋಗದೆ, ಅದರಾಚೆಯ ತಿರುವಿನಲ್ಲಿ ಕೈ ಅಡ್ಡ ಹಾಕಿ ಹತ್ತುತ್ತಿದ್ದ. ಗಾಳಿ ಈ ಕಡೆ ಬೀಸಿದರೆ ಆ ದನಿ ಅಲ್ಲಿಗೂ ಬರುತ್ತಿತ್ತು. ಕೇಳಿಸಿತ್ತೋ ಇಲ್ಲವೋ, ಕೇಳಿಸಿತ್ತೋ ಇಲ್ಲವೋ ಎಂದು ಆ ಗುಂಡಿಯನ್ನೇ ನೆನೆಯುತ್ತಾ ನಿಂತಿರುತ್ತಿದ್ದ. ಹೀಗೆ ಕೊರಗುವುದರಲ್ಲೇ ಅವನ ತಲೆಗೂದಲು ಖಾಲಿಯಾಯಿತು.

ಇಬ್ಬರನ್ನೂ ಮತ್ತೆ ಎದುರುಬದುರು ಕೂರಿಸಿದವಳು ಒಬ್ಬ ಹಲ್ಲಿನ ಡಾಕ್ಟರಮ್ಮ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿಗೆ ಜೋತುಬಿದ್ದು ಆ ಧಾರಾವಾಹಿಗಳನ್ನು ನೋಡಿ ಬೆಳೆದವಳು. ಅವಳಂಥದೇ ಹುಚ್ಚಿನ ಕೆಲವರನ್ನು ಸೇರಿಸಿಕೊಂಡು ಒಂದು ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ಚರ್ಚೆ ಇಟ್ಟಳು: ಕಮಾಂಡರ್ ದೊಡ್ಡವನಾ, ಸರಕಿನವನು ದೊಡ್ಡವನಾ? ಎರಡೂ ದನಿಗಳು ಬರಬೇಕು ಎಂದು ಫೋನು ಮಾಡಿದಳು. ಲಾರಿ ಒಪ್ಪಿದ್ದಾನೆ ಎಂದು ಕೇಳಿ ಹಡಗಪ್ಪ ಬರುತ್ತೇನೆ ಎಂದುಬಿಟ್ಟ.

ಲಾರಿ ಸೊರಗಿದ್ದ, ಕೋಲು ಹಿಡಿದಿದ್ದ. ಹಡಗಪ್ಪನನ್ನು ನೋಡಿ, ಇನ್ನೂ ಅಂಗಿಗೆ ಇಸ್ತ್ರಿ ಮಾಡ್ತೀಯಲ್ಲೋ ಎಂದ. ಅಷ್ಟರಲ್ಲೇ ಇಬ್ಬರನ್ನೂ ವೇದಿಕೆಗೆ ಕರೆದರು. ಕೆಳಗೆ ಕೂತವರೆಲ್ಲ ಕೂದಲು ನರೆತವರು, ಆದರೆ ಕಿತ್ತಾಡಿದ್ದು ಮಕ್ಕಳ ಹಾಗೆ. ಕಮಾಂಡರ್ ಇಲ್ಲದಿದ್ದರೆ ತಾನು ಲಂಚ ಮುಟ್ಟದೆ ನಿವೃತ್ತನಾಗುತ್ತಿರಲಿಲ್ಲ ಎಂದು ಒಬ್ಬ ಗುಮಾಸ್ತ ಎದೆ ತಟ್ಟಿಕೊಂಡ. ಕಾಯಿಲೆ ಬಿದ್ದ ಅಕ್ಕನನ್ನು ನೋಡಿಕೊಳ್ಳಲು ಕೆಲಸ ಬಿಟ್ಟಾಗ ಎಲ್ಲರೂ ಬೈದರು, ಸರಕಿನವನೊಬ್ಬನೇ ತನ್ನ ಪರ ಇದ್ದ ಎಂದು ಒಬ್ಬಾಕೆ ಹೇಳಿದಳು. ಯಾರದೂ ಸುಳ್ಳಾಗಿರಲಿಲ್ಲ. ಮೆಟ್ಟಿಲ ಮೇಲಿನ ಟೀ ಹೊತ್ತಿನ ವಾದವನ್ನು ಇಷ್ಟೊಂದು ಜನ ತಮ್ಮ ತಮ್ಮ ಮನೆಗಳಲ್ಲಿ ನಡೆಸಿದ್ದರಲ್ಲ ಎಂದು ಹಡಗಪ್ಪನಿಗೆ ಸೋಜಿಗವಾಯಿತು. ಅವನ ಸರದಿ ಬಂದಾಗ ಎದ್ದು ನಿಂತು ಎರಡು ಮಾತಾಡಿ, ಯಾಕೋ ಮುಂದುವರಿಸಲಾಗದೆ ಕೂತುಬಿಟ್ಟ.

ಕೊನೆಗೆ ಆ ಅಕ್ಕನನ್ನು ನೋಡಿಕೊಂಡಾಕೆ ಎದ್ದಳು. ಸರಕಿನವನು ತನ್ನ ಐವರಿಗೂ ವಿದಾಯ ಹೇಳುವ ಕೊನೆಯ ಕಂತಿನ ಮಾತು ತನಗೆ ಬಾಯಿಪಾಠ ಎಂದಳು. 'ಬಾಗಿಲು ತೆಗೆದೇ ಇಟ್ಟಿರ್ತೀನಿ, ಯಾವಾಗ ಬಂದ್ರೂ ಬನ್ನಿ.' ಅದನ್ನು ಒಮ್ಮೆ ಲಾರಿಯವರ ಬಾಯಿಂದಲೇ ಕೇಳಬೇಕು, ದನಿ ಹೇಗಿದ್ದರೂ ಪರವಾಗಿಲ್ಲ ಎಂದು ಕೈ ಮುಗಿದಳು. ಹಾಲ್ ಪೂರ್ತಿ ಚಪ್ಪಾಳೆ. ಆ ಮಾತು ಲಾರಿಯ ಬಾಯಿಂದ ಎಂದೂ ಹೊರಟದ್ದಲ್ಲ. ಹೂಂ ಎಂದು ಹೇಳಿಬಿಡೋ, ನಿನ್ನದೇ ಮಾಡಿಕೋ ಎಂದು ಹಡಗಪ್ಪ ಒಳಗೊಳಗೇ ಬೇಡಿಕೊಂಡ. ಲಾರಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ಅದು ನಾನಲ್ಲಮ್ಮ," ಎಂದ. "ಕೊನೇ ಎರಡು ವರ್ಷ ಪೂರ್ತಿ ಇವನು. ನನ್ನ ಗಂಟಲು ಹೋಗಿತ್ತು."

ಕೆಳಗೆ ಕೂತವರು ಹಡಗಪ್ಪನ ಕಡೆ ತಿರುಗಿದರು. ಆಮೇಲೆ ಒಬ್ಬ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು, ಹಲ್ಲಿನ ಡಾಕ್ಟರಮ್ಮ ಕಣ್ಣು ಒರೆಸಿಕೊಂಡು ಹಡಗಪ್ಪನ ಕೈ ಕುಲುಕಿದಳು. ಒಂದೇ ಗಂಟಲಲ್ಲಿ ಇಬ್ಬರು ನಾಯಕರು ಎಂದು ಯಾರೋ ಕೂಗಿದರು. ತನ್ನ ಕಸುಬಿಗೆ ಬದುಕಿನಲ್ಲೇ ಸಿಕ್ಕ ದೊಡ್ಡ ಮರ್ಯಾದೆಯಲ್ಲಿ ಹಡಗಪ್ಪ ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತಿದ್ದ.

ಜನ ಕರಗಿದ ಮೇಲೆ ಇಬ್ಬರೂ ಗ್ರಂಥಾಲಯದ ಹೊರಗಿನ ಬೆಂಚಿನ ಮೇಲೆ ಕೂತರು. ಲಾರಿಯ ಅಳಿಯ ಗಾಡಿ ತರಲು ಹೋಗಿದ್ದ. ಕೇಳಲೇಬೇಕಾದ್ದನ್ನು ಹೇಗೆ ಕೇಳುವುದೆಂದು ಹಡಗಪ್ಪ ತಡಕಾಡುತ್ತಿದ್ದ. ಲಾರಿಯೇ ಶುರುಮಾಡಿದ.

"ಅವತ್ತು ಆ ಗುಂಡಿ ಕೆಳಗೇ ಇತ್ತು ಕಣೋ. ಎಲ್ಲಾ ಕೇಳಿಸ್ತು."

ಇಷ್ಟು ವರ್ಷ ಹೆದರಿದ್ದು ಎದುರಿಗೆ ಬಂದು ಕೂತಾಗ ಹಡಗಪ್ಪನಿಗೆ ಭಯವೂ ಆಗಲಿಲ್ಲ. ಹಾಗೆ ಹೇಳಬಾರದಿತ್ತು, ತಪ್ಪಾಯ್ತು ಎಂದ. ಲಾರಿ ಕೋಲಿನಿಂದ ನೆಲ ಕೆದಕಿದ.

"ಯಾಕೆ ಹೇಳಬಾರದು? ನೀನು ಹೇಳಿದ್ದು ನಿಜ. ನನಗೇ ನನ್ನ ದನಿ ಗುರುತು ಸಿಗ್ತಿರಲಿಲ್ಲ. ಅದಕ್ಕೆ ನಾನು ಬೇಜಾರು ಮಾಡ್ಕೊಳ್ಳಲಿಲ್ಲ ಬಿಡು." ಕೋಲನ್ನು ಬೆಂಚಿಗೆ ಒರಗಿಸಿದ. "ಆಮೇಲೆ ಎರಡು ವರ್ಷ ಟಿವಿ ಮುಂದೆ ಕೂತ್ಕೊಳ್ತಿದ್ದೆ ನೋಡು, ಪ್ರತಿ ವಾರ. ಇವತ್ತು ಎಲ್ಲಾದ್ರೂ ಒಂದು ಮಾತು ಕೆಡಿಸ್ತಾನೆ ಇವನು, ಬೇಕು ಅಂತಲೇ ಕೆಡಿಸ್ತಾನೆ ಅಂತ. ಜನ ಬೈತಾರೆ, ಮ್ಯಾನೇಜರ್ ತಲೆ ಕೆಟ್ಟು ನನ್ನ ಕರೆಸ್ತಾನೆ ಅಂತ. ನೀನು ಒಂದು ಸಲಾನೂ ತಪ್ಪಲಿಲ್ಲ ಕಣೋ."

"ನನಗೆ ಹೊಳೀಲೇ ಇಲ್ಲ," ಎಂದ ಹಡಗಪ್ಪ.

"ಗೊತ್ತು. ನಿನಗೆ ಹೊಳೆಯಲ್ಲ ಅಂತ ಗೊತ್ತಿತ್ತು. ಆದ್ರೂ ಕೂತಿರ್ತಿದ್ದೆ."

ಗಾಡಿ ಬಂತು. ಅಳಿಯ ಇಳಿದು ಮಾವನ ಕೈ ಹಿಡಿದು ಕೂರಿಸಿದ. ಲಾರಿ ಕಿಟಕಿಯಿಂದ ಕೈ ಬೀಸಿದ, ಹಡಗಪ್ಪನೂ ಬೀಸಿದ. ಒಂದಿನ ಮನೆಗೆ ಬಾ ಎಂದು ಕರೆಯಬೇಕೆಂದು ಹೊಳೆದದ್ದು ಗಾಡಿ ತಿರುವು ದಾಟಿದ ಮೇಲೆ.

ಮನೆಯ ತನಕ ನಡೆದುಕೊಂಡೇ ಬಂದ. ಮಾತು ಕೊಟ್ಟು ಮುರಿದೆ ಎಂದು, ಕೆಲಸ ಕಸಿದುಕೊಂಡೆ ಎಂದು ಇಷ್ಟು ವರ್ಷ ಕೈ ಹಿಸುಕಿಕೊಂಡಿದ್ದ. ಅದೂ ಸರಿಯಾದ ಕೊರಗಲ್ಲ ಎಂದು ಇವತ್ತು ತಿಳಿಯಿತು. ಒಂದು ವಾರವಲ್ಲ, ಒಂದು ತಿಂಗಳಲ್ಲ, ಎರಡು ವರ್ಷ ಪೂರ್ತಿ ಲಾರಿಗೆ ಬಾಗಿಲು ತೆರೆಯಲು ತನಗೆ ಅವಕಾಶವಿತ್ತು. ಯಾವುದೇ ಬೆಳಿಗ್ಗೆ ಮೈಕಿನ ಮುಂದೆ ಒಂದು ಕೆಮ್ಮು ಕೆಮ್ಮಿದ್ದರೆ ಸಾಕಿತ್ತು. ಲಾರಿ ಮಧ್ಯಾಹ್ನವೆಲ್ಲ ಬೈಸಿಕೊಂಡು ತೋರಿಸಿಕೊಟ್ಟದ್ದನ್ನು ಇವನು ಕಲಿಯಲಿಲ್ಲ. ಕಲಿತದ್ದು ಅವನ ಉಸಿರು, ಅವನ ನಗು. ರಸ್ತೆಯ ಅಂಚಿನಲ್ಲಿ ದೀಪ ಕೆಂಪಗಿತ್ತು. ಹಡಗಪ್ಪ ನೋಡದೆ ದಾಟಿದ. ಯಾವನೋ ಸ್ಕೂಟರಿನವನು ಬ್ರೇಕು ಹಾಕಿ ಬೈದು ಹೋದ.

ಮನೆಯಲ್ಲಿ ಚಪ್ಪಲಿ ಬಿಟ್ಟು ಹಜಾರದ ಕನ್ನಡಿಯ ಮುಂದೆ ನಿಂತ. ಒಂದು ಸಲ, ಒಂದೇ ಒಂದು ಸಲ ಕೆಟ್ಟದಾಗಿ ಹೇಳಿ ನೋಡೋಣ ಎನಿಸಿತು. ತಪ್ಪಾಗಿಯೇ ಆಡಬೇಕು, ಎಲ್ಲಾದರೂ ಎಡವಬೇಕು ಎಂದು ಗಟ್ಟಿ ಮಾಡಿಕೊಂಡು ಬಾಯಿ ತೆರೆದ.

"ಬಾಗಿಲು ತೆಗೆದೇ ಇಟ್ಟಿರ್ತೀನಿ, ಯಾವಾಗ ಬಂದ್ರೂ ಬನ್ನಿ."

ಮುಂಚಿನ ಆ ಚೂರು ಉಸಿರು ಬಂತು. ಕೊನೆಯ ಮಾತು ಅರ್ಧ ಗಂಟಲಲ್ಲೇ ಉಳಿಯಿತು. ಒಂದಿಷ್ಟೂ ತಪ್ಪಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿದಳು.

"ರೀ, ಲಾರಿಯಣ್ಣ ಬಂದ್ರಾ?" ಅವಳ ದನಿಯಲ್ಲಿ ಎಷ್ಟೋ ವರ್ಷಗಳಿಂದ ಇರದ ಸಂತೋಷವಿತ್ತು. "ಕೂರಿಸಿ, ಕೂರಿಸಿ, ಟೀಗೆ ಇಡ್ತೀನಿ."

"ಇಲ್ಲ ಕಣೆ," ಎಂದ ಹಡಗಪ್ಪ. "ನಾನೇ."